ಲಿವಿಂಗ್‌ಸ್ಟೋನಿಯಾಕ್ಕೆ ಆ ಹೆಸರು ಹೇಗೆ ಬಂತು?

ಪ್ರಶ್ನೆ: ನನ್ನ ಚಿಕ್ಕಪ್ಪನ ಮಗ ಆಫ್ರಿಕಾದ ಮಲಾವಿಯಲ್ಲಿ ಕೆಲಸಕ್ಕಿದ್ದಾನೆ. ಮೊನ್ನೆ ಲಿವಿಂಗ್‌ಸ್ಟೋನಿಯಾ ಅನ್ನೋ ಬೆಟ್ಟದ ಮೇಲಿನ ಪುಟ್ಟ ಊರಿನ ಫೋಟೋ ಕಳಿಸಿದ್ದ. ಪಾದ್ರಿ ಲಿವಿಂಗ್‌ಸ್ಟೋನ್ ಕಟ್ಟಿದ ಊರಂತೆ, ಹೌದಾ?
– ಓದುಗರೊಬ್ಬರು, ಪಾಂಡವಪುರ

ಉತ್ತರ: ಹೆಸರು ಅವರದ್ದೇ. ಊರು ಕಟ್ಟಿದವರು ಬೇರೆ. ಡೇವಿಡ್ ಲಿವಿಂಗ್‌ಸ್ಟೋನ್ ತೀರಿಕೊಂಡಿದ್ದು 1873ರಲ್ಲಿ, ಈಗಿನ ಜಾಂಬಿಯಾದ ಒಂದು ಹಳ್ಳಿಯಲ್ಲಿ. ನಿಮ್ಮ ಫೋಟೋದಲ್ಲಿರುವ ಊರು ಶುರುವಾಗಿದ್ದು 1894ರಲ್ಲಿ, ಅಂದರೆ ಅವರು ಹೋಗಿ 21 ವರ್ಷ ಆದ ಮೇಲೆ.

ಅವರ ಜೊತೆಗಿದ್ದ ಚೂಮಾ, ಸೂಸಿ ಎಂಬ ಆಫ್ರಿಕಾದವರು ಮತ್ತು ಅವರ ಸಂಗಡಿಗರು ಹೃದಯವನ್ನು ಅಲ್ಲೇ ಮರದ ಬುಡದಲ್ಲಿ ಹೂತು, ದೇಹವನ್ನು ಬಿಸಿಲಲ್ಲಿ ಒಣಗಿಸಿ, ತಿಂಗಳುಗಟ್ಟಲೆ ಹೊತ್ತು ನಡೆದು ಸಮುದ್ರ ತೀರಕ್ಕೆ ಮುಟ್ಟಿಸಿದರು. ಅವರಿಬ್ಬರ ಹೆಸರಲ್ಲೂ ಒಂದು ಊರು ಇರಬೇಕಿತ್ತು ಅಂತ ನನಗೆ ಯಾವಾಗಲೂ ಅನ್ನಿಸುತ್ತೆ. 1874ರಲ್ಲಿ ಲಿವಿಂಗ್‌ಸ್ಟೋನ್ ಅವರ ದೇಹ ಲಂಡನ್ನಿನಲ್ಲಿ ಮಣ್ಣಾಯಿತು. ಆಗ ಸ್ಕಾಟ್ಲೆಂಡಿನ ಫ್ರೀ ಚರ್ಚ್‌ನವರು ಅವರ ನೆನಪಿಗೆ ಆಫ್ರಿಕಾದಲ್ಲೇ ಒಂದು ಮಿಷನ್ ಕಟ್ಟೋಣ ಅಂತ ಹೊರಟರು. ಆ ಮಿಷನ್ನಿಗೆ ಇಟ್ಟ ಹೆಸರೇ ಲಿವಿಂಗ್‌ಸ್ಟೋನಿಯಾ.

1875ರಲ್ಲಿ ಮೊದಲ ತಂಡ ಹೋಯಿತು. ಜೊತೆಗೆ 'ಇಲಾಲಾ' ಅನ್ನೋ ಸ್ಟೀಮರ್. ಮಲಾವಿ ಸರೋವರಕ್ಕೆ ಹೋಗುವ ದಾರಿಯ ಶಿರೆ ನದಿಯಲ್ಲಿ ದೋಣಿಯೇ ಸಾಗದಷ್ಟು ಬಂಡೆ, ಜಲಪಾತ. ಹಾಗಾಗಿ ಸ್ಟೀಮರನ್ನೇ ಬಿಚ್ಚಿದರು. ಕಬ್ಬಿಣದ ಹಲಗೆ, ಯಂತ್ರದ ಭಾಗ ಎಲ್ಲವನ್ನೂ ಅಲ್ಲಿನ ಕೂಲಿಯವರು ತಲೆ ಮೇಲೆ, ಹೆಗಲ ಮೇಲೆ ಹೊತ್ತು ದಾಟಿಸಿದರು, ಆಚೆ ಕಡೆ ಮತ್ತೆ ಜೋಡಿಸಿ ನೀರಿಗಿಳಿಸಿದರು. ಸರೋವರದ ದಕ್ಷಿಣದ ತುದಿಯಲ್ಲಿ, ಕೇಪ್ ಮ್ಯಾಕ್ಲಿಯರ್‌ನಲ್ಲಿ, ಮೊದಲ ಲಿವಿಂಗ್‌ಸ್ಟೋನಿಯಾ ಆಯಿತು. ಮಲೇರಿಯಾ ಬಿಡಲಿಲ್ಲ. ಸತ್ತವರ ಗೋರಿಗಳು ಈಗಲೂ ಅಲ್ಲಿವೆ. 1881ರಲ್ಲಿ ದಡದಲ್ಲೇ ಉತ್ತರಕ್ಕೆ, ಬಂಡಾವೆಗೆ ಹೋದರು. ಅಲ್ಲೂ ಜ್ವರ. ಕೊನೆಗೆ ಮಿಷನ್ನಿನ ಡಾಕ್ಟರ್ ರಾಬರ್ಟ್ ಲಾಸ್ ತಮ್ಮವರನ್ನು ಕರೆದುಕೊಂಡು ಸೊಳ್ಳೆ ಕಮ್ಮಿ ಇರುವ ಬೆಟ್ಟ ಹತ್ತಿದರು. ಊರು ಕಟ್ಟಿದವರು ಅಂತ ಒಬ್ಬರ ಹೆಸರು ಹೇಳಬೇಕಾದರೆ ಅವರದ್ದೇ ಹೇಳಬೇಕು. 1927ರವರೆಗೂ ದುಡಿದರು.

ಹೀಗೆ ಜನ ಗಂಟುಮೂಟೆ ಕಟ್ಟಿದಾಗಲೆಲ್ಲ ಹೆಸರೂ ಜೊತೆಗೆ ಬಂತು. ನಮ್ಮಲ್ಲಿ ಕೆಆರ್‌ಎಸ್ ಕಟ್ಟಿದಾಗ ಕನ್ನಂಬಾಡಿ ಮುಳುಗಿತು, ಮೇಲೆ ಬಂದವರು ಹೊಸ ಜಾಗಕ್ಕೆ ಹೊಸ ಕನ್ನಂಬಾಡಿ ಅಂದರು, ಅಲ್ವಾ? ಹಾಗೇ ಇದು.

ಆ ಬೆಟ್ಟಕ್ಕೆ ಮೊದಲೇ ಕೊಂಡೋವೆ ಅಂತ ಹೆಸರಿತ್ತು. ಪಾಂಡವಪುರದವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ನಿಮ್ಮ ಹಿರೋಡೆಯಲ್ಲಿ ಹೈದರ್, ಟಿಪ್ಪು ಕಾಲದ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದರಿಂದ ಅದು ಫ್ರೆಂಚ್ ರಾಕ್ಸ್ ಆಯಿತು, ಆಮೇಲೆ ಪಾಂಡವಪುರ. ನಿಮ್ಮ ತಮ್ಮ ಮತ್ತೆ ಬೆಟ್ಟ ಹತ್ತಿದರೆ ಲಾಸ್ ಅವರಿದ್ದ ಕಲ್ಲಿನ ಮನೆ ನೋಡಲಿ, ಈಗದು ಮ್ಯೂಸಿಯಂ. ಹಾಗೇ ಅಲ್ಲಿನ ಹಿರಿಯರನ್ನು ಕೊಂಡೋವೆ ಬಗ್ಗೆ ಕೇಳಲಿ. ಏನು ಹೇಳಿದರು ಅಂತ ನಮಗೂ ಬರೆಯಿರಿ.