ಮೂಡಿ ಸೆಂಟರ್‌ನಲ್ಲೇ ಮಾರ್ಚ್ ಪಂದ್ಯ ನೋಡಬಹುದಾ?

ನಮಸ್ಕಾರ ಸರ್. ಮಾರ್ಚ್‌ನಲ್ಲಿ ಆಸ್ಟಿನ್‌ಗೆ ಮಗನ ಹತ್ತಿರ ಹೋದಾಗ, ಟೆಕ್ಸಸ್ ಯೂನಿವರ್ಸಿಟಿಯ ಹೊಸ ಅರೀನಾ ಮೂಡಿ ಸೆಂಟರ್‌ನಲ್ಲೇ ಎನ್‌ಸಿಎಎ ಟೂರ್ನಿಯ, ಅಂದರೆ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಟೂರ್ನಿಯ ಪಂದ್ಯ ಸಿಗುತ್ತಾ ಅಂತ ಕೇಳಿದ್ದೀರಿ.

ಗಂಡಸರ ಪಂದ್ಯ ಸಿಗಲ್ಲ. ಆ ಟೂರ್ನಿಯಲ್ಲಿ ಯಾವ ತಂಡಕ್ಕೂ ತನ್ನ ಅಂಗಳದಲ್ಲಿ ಆಡಲು ಬಿಡುವುದಿಲ್ಲ. 2023ರಲ್ಲಿ ಟೆಕ್ಸಸ್ ಕೊನೆಯ ಎಂಟರವರೆಗೆ ಹೋಯಿತು. ಆದರೂ ಆಡಿದ್ದೆಲ್ಲ ಬೇರೆ ಊರುಗಳಲ್ಲೇ: ಮೊದಲ ಎರಡು ಪಂದ್ಯ ಡಿ ಮೊಯ್ನ್‌ನಲ್ಲಿ, ಮಯಾಮಿ ಎದುರು 88-81ರಿಂದ ಸೋತಿದ್ದು ಕಾನ್ಸಸ್ ಸಿಟಿಯಲ್ಲಿ. ಆ ಸೋಲು ನನಗೆ ಇವತ್ತಿಗೂ ಹೊಟ್ಟೆ ಉರಿಸುತ್ತದೆ.

ಆದರೆ ಹೆಂಗಸರ ಟೂರ್ನಿಯಲ್ಲಿ ಮೊದಲ 16 ಶ್ರೇಯಾಂಕದ ತಂಡಗಳು ಮೊದಲ ಎರಡು ಸುತ್ತನ್ನು ತಮ್ಮಲ್ಲೇ ಆಡುತ್ತವೆ. ಟೆಕ್ಸಸ್ ಹುಡುಗಿಯರು 2023, 2024, 2025 ಮೂರೂ ವರ್ಷ ಮೂಡಿಯಲ್ಲೇ ಆಡಿದರು. ದಯವಿಟ್ಟು ಅದನ್ನೇ ನೋಡಿ, ಆಟ ಏನೂ ಕಮ್ಮಿಯಿಲ್ಲ. 2025ರಲ್ಲಿ ಅವರು ಫೈನಲ್ ಫೋರ್‌ವರೆಗೆ, ಅಂದರೆ ಸೆಮಿಫೈನಲ್‌ವರೆಗೆ ಹೋದರು! ಟೂರ್ನಿಗೆ ಮುಂಚಿನ ಭಾನುವಾರ ಸಂಜೆ ಯಾವ ತಂಡ ಎಲ್ಲಿ ಆಡುತ್ತದೆ ಅನ್ನೋ ಪಟ್ಟಿ ಬರುತ್ತದೆ, ಅದೇ ವಾರದ ಶುಕ್ರವಾರ ಇಲ್ಲವೇ ಶನಿವಾರ ಆಟ ಶುರು. ಹಾಗಾಗಿ ಆ ವಾರಾಂತ್ಯ ಪೂರ್ತಿ ಖಾಲಿ ಇಟ್ಟುಕೊಳ್ಳಿ.

ಮೂಡಿಗೂ ಮುಂಚೆ ಟೆಕ್ಸಸ್ ಆಡುತ್ತಿದ್ದ ಹಳೆಯ ಅರ್ವಿನ್ ಸೆಂಟರ್ 1977ರದ್ದು, ಡೋಲಿನ ಹಾಗೆ ದುಂಡಗೆ, 16 ಸಾವಿರಕ್ಕೂ ಜಾಸ್ತಿ ಸೀಟು. ದೊಡ್ಡದೇನೋ ಹೌದು, ಸದ್ದು ಮಾತ್ರ ಮೇಲೆಲ್ಲೋ ಕಳೆದುಹೋಗುತ್ತಿತ್ತು. 2022ರಲ್ಲಿ ತೆರೆದ ಮೂಡಿಯಲ್ಲಿ ಬ್ಯಾಸ್ಕೆಟ್‌ಬಾಲ್‌ಗೆ ಸುಮಾರು 10 ಸಾವಿರ ಸೀಟಷ್ಟೇ. ವಿದ್ಯಾರ್ಥಿಗಳು ಅಂಗಳದ ಪಕ್ಕದಲ್ಲೇ ಇರುತ್ತಾರೆ. ಎದುರಾಳಿ ಫ್ರೀ ಥ್ರೋಗೆ (ಫೌಲ್ ಆದಾಗ ಸಿಗುವ ಎಸೆತಕ್ಕೆ) ನಿಂತಾಗ ಅವರ ಕೂಗು ಕೇಳಬೇಕು ನೀವು. ಮಗನಿಗೆ ಅಲ್ಲಿ ಜಾಗ ಸಿಕ್ಕರೆ ಅವನನ್ನು ಬಿಟ್ಟುಬಿಡಿ, ನಿಮ್ಮ ಪಕ್ಕ ಕೂರು ಅನ್ನಬೇಡಿ.