ಹಳೇ ಮನೆಯ ಕಲ್ಲಿನ ಗೋಡೆಯಿಂದ ಬಿಳಿ ಪುಡಿ ಉದುರುತ್ತಿದೆ. ಯಾವ ವಾಟರ್‌ಪ್ರೂಫ್ ಕೋಟಿಂಗ್ ಒಳ್ಳೆಯದು?

ಯಾವುದೂ ಬೇಡ. ಮೂಡಿಗೆರೆ ಕಡೆ ನಮ್ಮ ಉಗ್ರಾಣದ ಸೈಜುಗಲ್ಲಿನ ಗೋಡೆಯೂ ಹೀಗೇ ಇತ್ತು. ಮೊಣಕಾಲೆತ್ತರದವರೆಗೆ ಬಿಳಿ ಪುಡಿ, ಕೈಯಾಡಿಸಿದರೆ ಕಲ್ಲಿನ ಹರಳೇ ಉದುರುತ್ತಿತ್ತು. ಒಂದಕ್ಕೆ ನಾಲ್ಕರ ಸಿಮೆಂಟ್ ಗಾರೆ ಮೆತ್ತಿಸಿ, ಮೇಲೆ ಎರಡು ಸಲ ಕೋಟಿಂಗ್ ಹೊಡೆಸಿದೆ. ಮೂರನೇ ಬೇಸಿಗೆಗೆ ಗಾರೆ ಹಕ್ಕಳೆ ಹಕ್ಕಳೆಯಾಗಿ ಬಿತ್ತು, ಅದರ ಬೆನ್ನಿಗೆ ಬೆರಳು ದಪ್ಪ ಕಲ್ಲೂ ಅಂಟಿಕೊಂಡು ಬಂತು.

ತಪ್ಪು ಕೋಟಿಂಗಿನ ಕಂಪನಿಯದ್ದಲ್ಲ, ಅದನ್ನು ಹಚ್ಚಿಸಿದ ನನ್ನದು. ಆ ಗೋಡೆಗೆ ನೀರು ಮಳೆಯಿಂದ ಬರುತ್ತಿರಲಿಲ್ಲ, ನೆಲದಿಂದ ಏರುತ್ತಿತ್ತು. ಏರುವಾಗ ಉಪ್ಪನ್ನೂ ಕರಗಿಸಿ ತರುತ್ತಿತ್ತು. ನೀರು ಎಲ್ಲಿ ಆರುತ್ತದೋ ಉಪ್ಪು ಅಲ್ಲೇ ಹರಳುಗಟ್ಟುತ್ತದೆ. ಗೋಡೆಯ ಮೈ ತೆರೆದಿದ್ದಾಗ ಬಹುಪಾಲು ಹೊರಗೇ ಆರಿ ಪುಡಿಯಾಗುತ್ತಿತ್ತು. ಮೈ ಮುಚ್ಚಿದ ಮೇಲೆ ಹರಳು ಬೆಳೆದದ್ದು ಕೋಟಿಂಗಿನ ಹಿಂದೆ, ಕಲ್ಲಿನ ರಂಧ್ರಗಳೊಳಗೆ. ಅಲ್ಲಿ ಜಾಗ ಸಾಲದೆ ಕಲ್ಲನ್ನೇ ಒಳಗಿನಿಂದ ನೂಕಿತು. ಇಂಥ ಉಪ್ಪುಗಳಲ್ಲಿ ಸೋಡಿಯಂ ಸಲ್ಫೇಟ್ ಎಲ್ಲಕ್ಕಿಂತ ಕೆಟ್ಟದ್ದು: ಒಣ ಹರಳು ನೀರು ಹಿಡಿದಾಗ ಗಾತ್ರ ಸುಮಾರು ನಾಲ್ಕು ಪಟ್ಟಾಗುತ್ತದೆ. ಸಿಮೆಂಟಿನಲ್ಲೂ ಕ್ಷಾರದ ಸಲ್ಫೇಟ್ ಇರುವುದರಿಂದ, ಮೆತ್ತಿದ ಗಾರೆಯೇ ಗೋಡೆಗೆ ಹೊಸ ಉಪ್ಪು ಕೊಟ್ಟಿತು.

ನಿಮ್ಮ ಗೋಡೆಗೂ ತೋಟದ ಗೊಬ್ಬರದ ಮೂಟೆ ಒರಗಿಸಿದ್ದೀರಾ, ನೋಡಿ. ನಮ್ಮಲ್ಲಿ ಪೊಟ್ಯಾಷ್ ಮೂಟೆಗಳಿದ್ದವು. ಅದೂ ಒಂದು ಉಪ್ಪೇ, ಪೊಟ್ಯಾಸಿಯಂ ಕ್ಲೋರೈಡ್. ಗಾಳಿಯ ತೇವ ಸುಮಾರು 85 ಪ್ರತಿಶತ ದಾಟಿದರೆ ಅದು ತಾನೇ ನೀರೆಳೆದು ಕರಗುತ್ತದೆ (ಅಡುಗೆ ಉಪ್ಪಿಗೆ 75 ಸಾಕು). ಮಲೆನಾಡಿನ ಮಳೆಗಾಲದಲ್ಲಿ ಕರಗುವುದು, ಶಿವರಾತ್ರಿ ಹೊತ್ತಿಗೆ ಮತ್ತೆ ಹರಳಾಗುವುದು, ಪ್ರತಿ ವರ್ಷ ಇದೇ. ಹಿಂದೆ ಕೊಟ್ಟಿಗೆಯಾಗಿದ್ದ ಜಾಗವಾದರೆ ಗಂಜಲದಿಂದ ಬಂದ ನೈಟ್ರೇಟ್ ಉಪ್ಪು ಇರುತ್ತದೆ.

"ಕಲ್ಲಿಗೆ ನೀರು ಏನು ಮಾಡೀತು, 1117ರ ಬೇಲೂರು ದೇವಸ್ಥಾನ ನಿಂತಿಲ್ಲವೇ" ಎಂದು ನೀವು ಕೇಳಬಹುದು. ಅದು ಒತ್ತಾದ ಬಳಪದ ಕಲ್ಲು, ನೀರು ಹೀರುವುದು ತೀರ ಕಡಿಮೆ. ಎತ್ತರದ ಜಗತಿಯ ಮೇಲೆ ಬೇರೆ ಇದೆ. ನಮ್ಮ ಮನೆಗಳ ಹಳೇ ಕಲ್ಲಿನಲ್ಲಿ ಫೆಲ್ಡ್‌ಸ್ಪಾರ್ ಎಂಬ ಖನಿಜ ಅಲ್ಲಲ್ಲಿ ಜೇಡಿಯಾಗಿರುತ್ತದೆ, ನೆನೆದರೆ ಮೆತ್ತಗಾಗುತ್ತದೆ. ಗಟ್ಟಿ ಕಲ್ಲಿನಲ್ಲೂ ನೀರು ಕೂದಲೆಳೆ ಬಿರುಕಿನ ತುದಿಗೆ ಹೋಗಿ ಸಿಲಿಕಾನ್-ಆಮ್ಲಜನಕದ ಬಂಧ ಬಿಡಿಸುತ್ತದೆ. ಹಾಗಾಗಿ ಒದ್ದೆ ಕಲ್ಲು ಒಣ ಕಲ್ಲಿನಷ್ಟು ಭಾರ ತಡೆಯುವುದಿಲ್ಲ. ಮಳೆಗಾಲದಲ್ಲಿ ಗೋಡೆಗೆ ಉಳಿ ಹಾಕಬೇಡಿ, ಜನವರಿಗೆ ಕಾಯಿರಿ.

ಮೊದಲು ಹೊರಗಿನ ಮಣ್ಣನ್ನು ಒಳನೆಲಕ್ಕಿಂತ ಒಂದು ಗೇಣು ಕೆಳಗೆ ತೆಗೆಸಿ, ಸೂರಿನ ನೀರು ಗೋಡೆಯಿಂದ ದೂರ ಹರಿಯುವಂತೆ ಮಾಡಿ. ಇದಾಗದೆ ಮುಂದಿನ ಯಾವ ಕೆಲಸಕ್ಕೂ ಬೆಲೆಯಿಲ್ಲ. ಸಿಮೆಂಟ್ ಇದ್ದರೆ ಕೈಉಳಿಯಲ್ಲಿ ಬಿಡಿಸಿ, ಬ್ರೇಕರ್ ಬೇಡ. ಪುಡಿಯನ್ನು ಒಣಗಿದ್ದಾಗಲೇ ನಾರಿನ ಬ್ರಷ್‌ನಲ್ಲಿ ಉಜ್ಜಿ, ಕೆಳಗೆ ಹಾಸಿದ ಪೇಪರಿನಲ್ಲಿ ಹಿಡಿದು ದೂರ ಎಸೆಯಿರಿ. ನೀರಿನಲ್ಲಿ ತೊಳೆದರೆ ಉಪ್ಪು ಕರಗಿ ಒಳಕ್ಕೇ ಹೋಗುತ್ತದೆ. ಹೈಡ್ರೋಕ್ಲೋರಿಕ್ ಆಸಿಡ್ ಹಾಕಿದರೆ ಕ್ಲೋರೈಡ್ ಉಪ್ಪು ಸೇರಿಸಿದಂತೆ.

ಒಳಗುಳಿದ ಉಪ್ಪನ್ನು ಹೀರಿ ತೆಗೆಯಲು ಒದ್ದೆ ಪೇಪರಿನ ಪಟ್ಟು ಹಾಕಬೇಕು. ಬಿಳಿ ಟಿಶ್ಯೂ ಪೇಪರನ್ನು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ನೆನೆಸಿ ಕಿವುಚಿ, ಅದೇ ನೀರಿನಿಂದ ಗೋಡೆ ಒದ್ದೆ ಮಾಡಿ, ಎರಡು ಸೆಂಟಿಮೀಟರ್ ದಪ್ಪ ಮೆತ್ತಿ. ಬೋರ್‌ವೆಲ್ ನೀರಿನಲ್ಲಿ ಅದರದ್ದೇ ಉಪ್ಪಿರುತ್ತದೆ, ಬಳಸಬೇಡಿ. ಪೂರ್ತಿ ಒಣಗಿ ತಾನೇ ಬಿಡುವವರೆಗೆ ಮುಟ್ಟಬೇಡಿ, ಒಂದೆರಡು ವಾರ ಬೇಕು. ಕಿತ್ತದ್ದರಲ್ಲಿ ಹಿಡಿಯಷ್ಟನ್ನು ಒಂದು ಲೀಟರ್ ಡಿಸ್ಟಿಲ್ಡ್ ವಾಟರಿನಲ್ಲಿ ನೆನೆಸಿ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಉಪ್ಪು ಅಳೆಯುವ ಸಾಧನ) ಅದ್ದಿ ಅಂಕಿ ಬರೆದಿಡಿ. ಪ್ರತಿ ಸಲವೂ ಅದೇ ಅಳತೆ. ಅಂಕಿ ಇಳಿಯುವುದು ನಿಲ್ಲುವವರೆಗೆ ಮತ್ತೆ ಮತ್ತೆ ಹಾಕಿ. ಕಡಿಮೆಯೆಂದರೂ ಮೂರು ಸಲ.

ಆಮೇಲೆ ಸಂದುಗಳಿಗೆ ಮಾತ್ರ ಸುಣ್ಣದ ಗಾರೆ: ಒಂದು ಪಾಲು ಸುಣ್ಣ, ಮೂರು ಪಾಲು ತೊಳೆದ ಮರಳು. ಕೆಲವು ದಿನ ಒದ್ದೆ ಗೋಣಿ ಹೊದಿಸಿಡಿ. ಕಲ್ಲಿನ ಮೈ ಬರಿದಾಗಿಯೇ ಇರಲಿ. ಮುಂದಿನ ಬೇಸಿಗೆಗೆ ಪುಡಿ ಬಂದರೆ ಸುಣ್ಣದ ಸಂದಿನಲ್ಲೇ ಬರಬೇಕು. ಆ ಗಾರೆ ಕೆರೆದು ಹೊಸದು ತುಂಬಿದರಾಯಿತು.