ಜಪಾನಿನಲ್ಲಿ ವೃದ್ಧರ ಆರೈಕೆ ಕೆಲಸಕ್ಕೆ ಹೊರಟಿದ್ದೇನೆ, ಅಲ್ಲಿ ದಿನಾ ಬದುಕು ಹೇಗಿರುತ್ತೆ?

ನೀವು ಕೇಳಿರೋದು ಇಷ್ಟು: ವಯಸ್ಸು 23, ಜಿಎನ್‌ಎಂ ನರ್ಸಿಂಗ್ ಕೋರ್ಸ್ ಮುಗಿದಿದೆ, ಎನ್‌4 ಅನ್ನೋ ಜಪಾನಿ ಭಾಷೆ ಪರೀಕ್ಷೆ ಪಾಸಾಗಿದೆ, ಜಪಾನಿನ ಒಂದು ವೃದ್ಧಾಶ್ರಮದಲ್ಲಿ ಕೆಲಸ ಗಟ್ಟಿಯಾಗಿದೆ. ಒಬ್ಬಳೇ ಹೋಗಿ ನಿಭಾಯಿಸಬಹುದಾ, ಊಟಕ್ಕೇನು ಗತಿ, ಕೈಗೆ ಎಷ್ಟು ಉಳಿಯುತ್ತೆ?

ನಾನು ಹಾಸನದ ಕಡೆಯವಳು. ನೀವು ಬರೋ ತೊಕುತೇ ಗಿನೋ, ಅಂದರೆ ಕುಶಲ ಕೆಲಸಗಾರರ ವೀಸಾದಲ್ಲೇ ಬಂದು ಇದು ಮೂರನೇ ವರ್ಷ. ಇರೋದು ಗಿಫು ಪ್ರಾಂತ್ಯದ ಒಂದು ಸಣ್ಣ ಊರು, ನಗೋಯಾಕ್ಕೆ ರೈಲಲ್ಲಿ ಅರ್ಧ ಗಂಟೆ. ಮೊದಲೇ ಹೇಳಿಬಿಡ್ತೀನಿ, ಟೋಕಿಯೋದ ನಿಶಿ ಕಸಾಯಿಯಲ್ಲಿರೋ ಸಾಫ್ಟ್‌ವೇರ್‌ನವರ ವಿಡಿಯೋ ನೋಡಿಕೊಂಡು ಲೆಕ್ಕ ಹಾಕಬೇಡಿ. ಅಲ್ಲಿ ಮನೆಯಿಂದ ಇಳಿದರೆ ನಮ್ಮವರು, ಬೇಳೆ ಅಂಗಡಿ ಎಲ್ಲ ಇದೆ. ನಮ್ಮಂಥವರು ಹೋಗಿ ಬೀಳೋದು ಇಂಥ ಊರುಗಳಿಗೇ.

ಬಂದ ಎರಡನೇ ವಾರದ ಒಂದು ಘಟನೆ ಹೇಳ್ತೀನಿ, ಅದರಲ್ಲಿ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಇದೆ. 91 ವರ್ಷದ ಒಬ್ಬರು ಅಜ್ಜಿಗೆ ಬಟ್ಟೆ ಬದಲಾಯಿಸ್ತಾ ಇದ್ದೆ. ಅವರು ನನ್ನ ಕೈ ಹಿಡಿದು "ಎರಾಯಿ, ಎರಾಯಿ" ಅಂದರು. ಪುಸ್ತಕದಲ್ಲಿ ನಾನು ಕಲಿತಿದ್ದು ಎರಾಯಿ ಅಂದರೆ "ಭೇಷ್" ಅಂತ. ನನಗೋ ಖುಷಿಯೋ ಖುಷಿ. ತಲೆ ಬಗ್ಗಿಸಿ "ಅರಿಗತೋ ಗೊಜಾಯಿಮಸ್" ಅಂದೆ. ಅವರು ಮತ್ತೆ ಅಂದರು, ನಾನು ಮತ್ತೆ ಬಗ್ಗಿದೆ. ಪಕ್ಕದ ಮಂಚದ ಹತ್ತಿರ ಇದ್ದ ಸೀನಿಯರ್ ಓಡಿ ಬಂದು ಹಣೆ ಮುಟ್ಟಿ ನೋಡಿದರು, ಥರ್ಮಾಮೀಟರ್ ಇಟ್ಟರೆ 38 ದಾಟಿದೆ. ಗಿಫು, ಐಚಿ, ಮಿಎ ಕಡೆ ಎರಾಯಿ ಅಂದರೆ "ಸುಸ್ತು, ಮೈಗೆ ಆಗ್ತಿಲ್ಲ" ಅಂತ. ಹುಬ್ಬಳ್ಳಿ ಕಡೆ ಅಜ್ಜಿ "ಹೊಟ್ಟಿಬ್ಯಾನಿ" ಅಂದರೆ ಅದು ಗೊತ್ತಿಲ್ಲದ ಹಾಸನದ ಹುಡುಗಿ ಹಲ್ಲು ಕಿರಿದು ನಿಂತ ಹಾಗಾಯ್ತು ನನ್ನ ಕಥೆ.

ಅದಕ್ಕೇ ಹೇಳೋದು, ಎನ್‌4 ನಿಮ್ಮನ್ನ ವಿಮಾನ ಹತ್ತಿಸುತ್ತೆ ಅಷ್ಟೆ. ಈ ಕೆಲಸದಲ್ಲಿ ಎತ್ತೋದು, ತೊಳೆಯೋದು ಯಾರಾದರೂ ಒಂದು ತಿಂಗಳಲ್ಲಿ ಕಲೀತಾರೆ. ಮಾತೇ ಕೆಲಸ. ನಿಮ್ಮ ಊರಿನ ಮುದುಕರು ನೋವಿಗೆ, ಬಾಯಾರಿಕೆಗೆ, ಬಾತ್‌ರೂಮಿಗೆ ಏನಂತಾರೆ ಅನ್ನೋ ಹತ್ತಿಪ್ಪತ್ತು ಮಾತನ್ನ ಬಂದ ಮೊದಲ ವಾರವೇ ಸೀನಿಯರ್ ಹತ್ರ ಕೇಳಿ ಬರೆದಿಟ್ಟುಕೊಳ್ಳಿ. ಇನ್ನೊಂದು, ಅರ್ಥ ಆಗದೆ "ಹಾಯ್, ಹಾಯ್" ಅಂತ ತಲೆ ಆಡಿಸಬೇಡಿ. ಹಾಯ್ ಅಂದರೆ ಹೌದು. ನೀವು ಹೌದು ಅಂದಿರಿ ಅಂತ ನಂಬಿಕೊಂಡೇ ಅವರು ಮುಂದಿನ ಕೆಲಸಕ್ಕೆ ಹೋಗ್ತಾರೆ. "ಮೋ ಇಚಿದೋ ಒನೆಗಾಯಿಶಿಮಸ್", ಇನ್ನೊಂದು ಸಲ ಹೇಳಿ ಅಂದರೆ ಯಾರೂ ಬೈಯಲ್ಲ. ಸುಮ್ಮನೆ ತಲೆ ಆಡಿಸಿ ತಪ್ಪು ಮಾಡಿದರೆ ಆಗಲೂ ಬೈಯಲ್ಲ. ಆದರೆ ಆಮೇಲೆ ನಿಮಗೆ ಮುಖ್ಯವಾದದ್ದನ್ನ ಹೇಳೋದೇ ನಿಲ್ಲಿಸ್ತಾರೆ, ಅದು ಬೈಗುಳಕ್ಕಿಂತ ಕಷ್ಟ.

ಸಮಾಧಾನದ ವಿಷಯ ಅಂದರೆ ಕನ್ನಡದವರಿಗೆ ಈ ಭಾಷೆ ಅಷ್ಟು ದೂರದ್ದಲ್ಲ. ಕ್ರಿಯಾಪದ ಕೊನೇಲಿ ಬರುತ್ತೆ. ನಮ್ಮ "ಅಂತ" ಇರೋ ಜಾಗದಲ್ಲಿ ಅವರ "ತೊ" ಕೂತಿರುತ್ತೆ. "ತಬೆತೆ ಮಿರು" ಅಂದರೆ ಅಕ್ಷರಕ್ಕೆ ಅಕ್ಷರ "ತಿಂದು ನೋಡು". ಮನೆ ಬಿಡುವಾಗ ಇಲ್ಲಿ "ಇತ್ತೆಕಿಮಸ್" ಅಂತಾರಲ್ಲ, ಅದು ನಮ್ಮ "ಹೋಗಿ ಬರ್ತೀನಿ"ಯೇ. ಇಂಗ್ಲಿಷ್ ಮೂಲಕ ಕಲಿಯೋದು ಬಿಟ್ಟು ನೇರ ಕನ್ನಡದಿಂದ ಯೋಚನೆ ಮಾಡೋಕೆ ಶುರು ಮಾಡಿದ ಮೇಲೆ ನನ್ನ ಬಾಯಿ ಬಿಡ್ತು. ಕಾಂಜಿ ಅನ್ನೋ ಚೀನೀ ಮೂಲದ ಅಕ್ಷರಗಳು ಮಾತ್ರ ಯಾವ ದಾರಿಯಿಂದ ಬಂದರೂ ಕಷ್ಟವೇ.

ಕೆಲಸದ ದಿನ ಹೀಗೆ. ಬೆಳಗಿನ ಪಾಳಿ 7ಕ್ಕೆ, ಮಧ್ಯದ್ದು 10ಕ್ಕೆ. ರಾತ್ರಿ ಪಾಳಿ ಅಂದರೆ ನಮ್ಮಲ್ಲಿ ಸಂಜೆ 5ರಿಂದ ಮಾರನೇ ದಿನ ಬೆಳಿಗ್ಗೆ 9ರವರೆಗೆ, ನಡುವೆ ಸ್ವಲ್ಪ ವಿಶ್ರಾಂತಿ, ತಿಂಗಳಿಗೆ ನಾಲ್ಕೈದು ಸಲ. ಮೊದಲ ಕೆಲವು ತಿಂಗಳು ನನಗೆ ರಾತ್ರಿ ಪಾಳಿ ಹಾಕಲಿಲ್ಲ. ಪ್ರತಿ ಊಟ ಆದ ಮೇಲೆ ಯಾರು ಎಷ್ಟು ತಿಂದರು ಅಂತ ಬರೀಬೇಕು, ಅನ್ನ 10ಕ್ಕೆ 8, ಪಲ್ಯ 10ಕ್ಕೆ 5, ಹೀಗೆ. ನುಂಗೋಕೆ ಕಷ್ಟ ಇರೋರ ಚಹಾಕ್ಕೆ ತೊರೊಮಿ ಅನ್ನೋ ಪುಡಿ ಕಲಸ್ತೀವಿ, ತೆಳ್ಳಗಿದ್ದರೆ ಶ್ವಾಸನಾಳಕ್ಕೆ ಇಳಿಯುತ್ತೆ ಅಂತ. ಪುಡಿ ಹಾಕಿದ ಕೂಡಲೇ ಗಟ್ಟಿಯಾಗಲ್ಲ, ಎರಡು ನಿಮಿಷ ಕಾಯಬೇಕು. ತೆಳ್ಳಗಿದೆ ಅಂತ ಅವಸರಕ್ಕೆ ಇನ್ನೊಂದು ಚಮಚ ಹಾಕಿದಿರೋ, ಅಂಟು ಆಗಿಬಿಡುತ್ತೆ. ಎಷ್ಟು ಗಟ್ಟಿ ಇರಬೇಕು ಅನ್ನೋದು ಒಬ್ಬೊಬ್ಬರಿಗೆ ಒಂದೊಂದು ಥರ. ನರ್ಸಿಂಗ್ ಓದಿದ್ದೀನಿ ಅನ್ನೋ ಜಂಬ ಇದ್ದರೆ ಊರಲ್ಲೇ ಬಿಟ್ಟು ಬನ್ನಿ. ಇಲ್ಲಿ ನೀವು ನರ್ಸ್ ಅಲ್ಲ, ಇಂಜೆಕ್ಷನ್ ಮುಟ್ಟೋ ಹಾಗಿಲ್ಲ. ನನಗೆ ಆರು ತಿಂಗಳು ಬೇಜಾರಿತ್ತು.

ಮನೆ ವಿಷಯ. ಆಶ್ರಮದವರೇ ರೂಮು ಕೊಟ್ಟರೆ ಬಚಾವ್. ನನಗೆ ಬಾಡಿಗೆ ಮನೆ ನೋಡಿಕೊಟ್ಟಿದ್ದರು. ರಾತ್ರಿ ಹೋಗಿ ಸ್ವಿಚ್ ಒತ್ತಿದರೆ ಕೋಣೆಯಲ್ಲಿ ಲೈಟೇ ಇಲ್ಲ. ಸ್ವಿಚ್ ಕೆಟ್ಟಿದೆ ಅಂದುಕೊಂಡೆ, ನೋಡಿದರೆ ಇಲ್ಲಿ ಎಷ್ಟೋ ಮನೆಗಳಲ್ಲಿ ಚಾವಣಿ ದೀಪ ಬಾಡಿಗೆಯವರೇ ತಂದು ಹಾಕಿಕೊಳ್ಳಬೇಕು. ಪರದೆಯೂ ಅಷ್ಟೆ. ಗ್ಯಾಸ್ ಕಂಪನಿಯವರು ಬಂದು, ನೀವು ಎದುರಿಗಿದ್ದಾಗಲೇ ಗ್ಯಾಸ್ ಬಿಡೋದು, ಅಲ್ಲಿವರೆಗೆ ಬಿಸಿನೀರಿಲ್ಲ. ಮನೆ ಸೇರಿದ 14 ದಿನದೊಳಗೆ ನಗರಸಭೆ ಕಚೇರಿಗೆ ಹೋಗಿ ವಿಳಾಸ ಬರೆಸಬೇಕು, ಜೊತೆಗೆ ಯಾರನ್ನಾದರೂ ಕರ್ಕೊಂಡು ಹೋಗಿ. ಜೈರ್ಯೂ ಕಾರ್ಡ್, ಅಂದರೆ ಇಲ್ಲಿ ವಾಸಕ್ಕೆ ಕೊಡೋ ಗುರುತಿನ ಚೀಟಿ, ಸದಾ ಪರ್ಸ್‌ನಲ್ಲಿರಲಿ. ಕಸದ ಬಗ್ಗೆ ಎಲ್ಲರೂ ಹೇಳಿರ್ತಾರೆ, ನಾನು ಎಳೆಯಲ್ಲ. ಬಾಟಲಿಯ ಮುಚ್ಚಳ, ಲೇಬಲ್ ಬೇರೆ ಮಾಡಿ, ತೊಳೆದು ಹಾಕಿ. ತಪ್ಪಿದರೆ ಚೀಟಿ ಅಂಟಿಸಿದ ನಿಮ್ಮ ಚೀಲ ಒಂದೇ ಬೀದಿಯಲ್ಲಿ ಅನಾಥವಾಗಿ ಕೂತಿರುತ್ತೆ. ಓಡಾಟಕ್ಕೆ ಸೈಕಲ್ ಬೇಕೇ ಬೇಕು. ಫೋನ್ ಹಿಡ್ಕೊಂಡು ಓಡಿಸಿದರೆ 2026ರ ಏಪ್ರಿಲ್‌ನಿಂದ 12,000 ಯೆನ್ ದಂಡ.

ದುಡ್ಡು. ರಾತ್ರಿ ಪಾಳಿ ಭತ್ಯೆ ಸೇರಿ ನನಗೆ 2 ಲಕ್ಷ ಯೆನ್ ಮೇಲೆ ಸ್ವಲ್ಪ ಬರುತ್ತೆ, ಆರೋಗ್ಯ ವಿಮೆ, ಪಿಂಚಣಿ, ತೆರಿಗೆ ಮುರಿದು ಕೈಗೆ ಸಿಗೋದು 1 ಲಕ್ಷ 70 ಸಾವಿರದ ಆಸುಪಾಸು. ಬಾಡಿಗೆ, ಕರೆಂಟು, ಫೋನು, ಊಟ ಕಳೆದು 60-70 ಸಾವಿರ ಮನೆಗೆ ಕಳಿಸ್ತೀನಿ. ಯೆನ್ ಬಿದ್ದಿರೋದ್ರಿಂದ ರೂಪಾಯಿಗೆ ತಿರುಗಿಸಿದಾಗ ಅಪ್ಪ "ಇಷ್ಟೇನಾ" ಅಂತಾರೆ. ನಿಮಗೆ ಏಜೆಂಟ್ ಹೇಳದೇ ಇರೋ ವಿಷಯ ಒಂದಿದೆ, ಜೂಮಿನ್‌ಜೇ, ಅಂದರೆ ಊರಿಗೆ ಕಟ್ಟೋ ತೆರಿಗೆ. ಅದು ಹಿಂದಿನ ವರ್ಷದ ಸಂಪಾದನೆ ಮೇಲೆ ಬರೋದು. ಹಾಗಾಗಿ ಮೊದಲು ಏನೂ ಮುರಿಯಲ್ಲ, ಮಾರನೇ ವರ್ಷದ ಜೂನ್‌ನಲ್ಲಿ ಇದ್ದಕ್ಕಿದ್ದ ಹಾಗೆ ಸಂಬಳ ಇಳಿಯುತ್ತೆ. ನಾನಂತೂ ಆಫೀಸಿಗೆ ಹೋಗಿ ಜಗಳ ಆಡೋದೊಂದು ಬಾಕಿ ಇತ್ತು. ಪಿಂಚಣಿಗೆ ಕಟ್ಟಿದ್ದರಲ್ಲಿ ಒಂದು ಪಾಲು ದೇಶ ಬಿಟ್ಟ ಮೇಲೆ ಎರಡು ವರ್ಷದೊಳಗೆ ಅರ್ಜಿ ಹಾಕಿದರೆ ವಾಪಸ್ ಸಿಗುತ್ತೆ, ಆ ಕಾಗದ ಜೋಪಾನ.

ಒಂಟಿತನ ಕಾಡುತ್ತಾ ಅಂದರೆ, ಹೌದು, ಡಿಸೆಂಬರ್‌ನಿಂದ ಫೆಬ್ರವರಿವರೆಗೆ. ಇಬುಕಿ ಬೆಟ್ಟದ ಕಡೆಯಿಂದ ಗಾಳಿ ಬೀಸೋಕೆ ಶುರುವಾದರೆ ಮನೆಯೊಳಗೇ ಬಾಯಿಂದ ಹೊಗೆ ಬರುತ್ತೆ. ಸಂಜೆ ಐದಕ್ಕೇ ಕತ್ತಲು. ಕೆಲಸ ಮುಗಿಸಿ 7ಕ್ಕೆ ಬಂದು ಅಮ್ಮನಿಗೆ ಫೋನ್ ಮಾಡಿದರೆ ಊರಲ್ಲಿ ಇನ್ನೂ ಮೂರೂವರೆ, ಅಮ್ಮ ಮಲಗಿ ಎದ್ದ ದನೀಲಿ "ಕಾಫಿ ಇಡ್ತಿದ್ದೀನಿ" ಅಂತಾರೆ. ಆ ಮಾತು ಕೇಳೋಕೆ ಕೆಲವು ದಿನ ಆಗ್ತಿರಲಿಲ್ಲ.

ಗಂಡ, ಮಕ್ಕಳನ್ನ ಈ ವೀಸಾದಲ್ಲಿ ಕರೆಸೋಕೆ ಆಗಲ್ಲ, ಸಾಮಾನ್ಯವಾಗಿ ಒಟ್ಟು ಐದು ವರ್ಷ ಅಷ್ಟೆ. ಮುಂದೂ ಇರಬೇಕು ಅನ್ನಿಸಿದರೆ ಮೂರು ವರ್ಷದ ಅನುಭವದ ಮೇಲೆ ತರಬೇತಿ ಮುಗಿಸಿ, ಜನವರಿಯಲ್ಲಿ ನಡೆಯೋ ಕಾಯಿಗೊ ಫುಕುಶಿಶಿ, ಅಂದರೆ ಆರೈಕೆ ಕೆಲಸದ ರಾಷ್ಟ್ರೀಯ ಪರೀಕ್ಷೆ ಬರೀಬೇಕು. ಪಾಸಾದರೆ ಬೇರೆ ವೀಸಾ, ಕುಟುಂಬವೂ ಬರಬಹುದು. ನಾನು ಓದ್ತಾ ಇದ್ದೀನಿ, ಆಗುತ್ತೋ ಇಲ್ವೋ.

ಇನ್ನು ಊಟ. ಸಸ್ಯಾಹಾರಿ ಆಗಿದ್ದರೆ ಹೊರಗೆ ತಿನ್ನೋದು ಮರೆತುಬಿಡಿ. ಬರೀ ತರಕಾರಿ ಸಾರು ಅಂದುಕೊಂಡಿದ್ದರೂ ತಳದಲ್ಲಿ ದಾಶಿ ಅನ್ನೋ ಒಣಮೀನಿನ ರಸ ಇರುತ್ತೆ, ಅಂಗಡಿಯ ಕರಿ ಮಸಾಲೆ ಅಚ್ಚಿನಲ್ಲಿ ಹೆಚ್ಚಾಗಿ ದನದ್ದೋ ಹಂದಿಯದೋ ಕೊಬ್ಬು. ಉಪ್ಪಿನಲ್ಲಿ ಹಾಕಿದ ಹುಳಿ ಹಣ್ಣು ಇಟ್ಟ ಅನ್ನದ ಉಂಡೆ, ಉಮೆ ಒನಿಗಿರಿ, ಕೈ ಹಿಡಿಯುತ್ತೆ. ಮೊಸರು ಚೆನ್ನಾಗಿದೆ. ತೊಗರಿಬೇಳೆ ಹಲಾಲ್ ಅಂಗಡಿಯಲ್ಲಿ, ಕಡಲೆಕಾಳು ದಿನಸಿ ಅಂಗಡಿ ಗ್ಯೋಮು ಸೂಪರ್‌ನಲ್ಲಿ ಸಿಗುತ್ತೆ. ಅಕ್ಕಿ ಬೆಲೆ 2025ರಲ್ಲಿ 5 ಕಿಲೋಗೆ 4,000 ಯೆನ್ ದಾಟಿ ಇಲ್ಲಿನವರೇ ಬಾಯಿ ಬಡ್ಕೊಂಡರು. ಮೈಸೂರು ಪಾಕ್ ತಂದಿದ್ದೆ, ಸಹೋದ್ಯೋಗಿಗಳು ಉಗುರಿನಷ್ಟು ಕತ್ತರಿಸಿಕೊಂಡು ಹಸಿರು ಚಹಾ ಜೊತೆ ತಿಂದು, ತುಪ್ಪ ಒರೆಸಿಕೊಳ್ಳೋಕೆ ಟಿಶ್ಯೂ ಹುಡುಕಿದರು. ರಾಗಿ ಹಿಟ್ಟು ನಮ್ಮೂರ ಕಡೆ ನನಗೆ ಎಲ್ಲೂ ಕಾಣಲಿಲ್ಲ, ತನ್ನಿ. ನಾನು ಹಿಟ್ಟು ತಂದೆ, ಕೋಲು ಮರೆತೆ. ಇಲ್ಲಿನ ಪ್ಲಾಸ್ಟಿಕ್ ಅನ್ನದ ಕೈಯಲ್ಲಿ ತಿರುವೋಕೆ ಹೋಗಿ ಅದು ಮುದ್ದೆಯೊಳಗೇ ಎರಡು ತುಂಡಾಯ್ತು. ಮುದ್ದೆ ಕೋಲು ಸೂಟ್‌ಕೇಸಿನಲ್ಲಿ ಓರೆಯಾಗಿ ಇಟ್ಟರೆ ಹಿಡಿಯುತ್ತೆ, ಹೋದ ರಜೆಯಲ್ಲಿ ತಂದು ನೋಡಿದ್ದೀನಿ.